ಖಾಲಿ ಮನೆಯನ್ನೂ ನುಡಿಸಬೇಕು: ಶಾಲೆಗೇ ಬಂದು ಮೈತಾಳ ಕಲಿಸುವ ಹತ್ತು ಪಿರಿಯಡ್‌ಗಳ ವಿಮರ್ಶೆ

ಕೊಪ್ಪಳ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಡೆದ ಬಾಡಿ ಪರ್ಕಷನ್, ಅಂದರೆ ಮೈಯನ್ನೇ ವಾದ್ಯ ಮಾಡಿಕೊಂಡು ತಾಳ ನುಡಿಸುವ ಮೈತಾಳದ ತರಗತಿಗಳ ವಿಮರ್ಶೆ ಇದು. ಇಬ್ಬರು ತರಬೇತುದಾರರು ಶಾಲೆಗೇ ಬಂದು 40 ನಿಮಿಷದ 10 ಪಿರಿಯಡ್ ಕಲಿಸುತ್ತಾರೆ. ಕಲಿತವರು 5ರಿಂದ 8ನೇ ತರಗತಿಯ 36 ಮಕ್ಕಳು. ಶುಲ್ಕ ಒಟ್ಟು 8,000 ರೂಪಾಯಿ. ಲೆಕ್ಕ ಹಾಕಿದರೆ ಒಂದು ಪಿರಿಯಡ್‌ಗೆ ಒಂದು ಮಗುವಿಗೆ ಸುಮಾರು 22 ರೂಪಾಯಿ ಬೀಳುತ್ತದೆ. ಗೋಡೆಗೆ ತೂಗುಹಾಕುವ 6 ಚಾರ್ಟು, ಮೆಟ್ರೊನೋಮ್ (ಲಯ ತಪ್ಪದಂತೆ ಟಿಕ್ ಟಿಕ್ ಎನ್ನುವ ಸಾಧನ) ಸದ್ದು ತುಂಬಿದ ಒಂದು ಪೆನ್‌ಡ್ರೈವ್, ಶಿಕ್ಷಕರಿಗೆ 12 ಪುಟದ ಕೈಪಿಡಿ ಶಾಲೆಗೇ ಬಿಟ್ಟು ಹೋಗುತ್ತಾರೆ. ಸ್ಪೀಕರ್ ಮಾತ್ರ ವಾಪಸ್ ಒಯ್ಯುತ್ತಾರೆ. ತಂಡದ ಹೆಸರು ಇಲ್ಲಿ ಹೇಳುತ್ತಿಲ್ಲ. ಇಂಥ ತರಗತಿ ತರಿಸಿಕೊಳ್ಳುವ ಯಾವ ಶಾಲೆಯಾದರೂ ಏನು ನೋಡಬೇಕು, ಏನು ಕೇಳಬೇಕು ಅನ್ನುವುದೇ ಇಲ್ಲಿ ಮುಖ್ಯ.

ತೀರ್ಪು ಮೊದಲೇ ಹೇಳಿಬಿಡೋಣ. ಮೊದಲ ಐದು ಪಿರಿಯಡ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅದರಲ್ಲೂ ಸದ್ದಿಲ್ಲದ ಮಾತ್ರೆಯನ್ನು (ಮಾತ್ರೆ ಎಂದರೆ ತಾಳದ ಒಂದು ಎಣಿಕೆ) ಅವರು ಕಲಿಸುವ ರೀತಿ ಎಲ್ಲ ಸಂಗೀತ ಶಿಕ್ಷಕರೂ ನೋಡಬೇಕಾದದ್ದು. ಕೊನೆಯ ಮೂರು ಪಿರಿಯಡ್‌ಗಳನ್ನು ಮಾತ್ರ ಕಾರ್ಯಕ್ರಮದ ಅವಸರ ನುಂಗಿಹಾಕುತ್ತದೆ. ಮಕ್ಕಳು ತಾವೇ ಕಟ್ಟಬೇಕಾದ ತಾಳವನ್ನು ತರಬೇತುದಾರರೇ ಕಟ್ಟಿಕೊಡುವ ಹಾಗಾಗುತ್ತದೆ. ಈ ಕೆಲಸದ ತಿರುಳು ಇರುವುದೇ ಕಟ್ಟುವುದರಲ್ಲಿ, ಆದ್ದರಿಂದ ಈ ಕೊರತೆ ಸಣ್ಣದಲ್ಲ.

ಮೊದಲ ದಿನ ಸದ್ದು ಹುಡುಕುವುದೇ ಕೆಲಸ. ಪಾದ, ತೊಡೆ, ಎದೆ, ಚಪ್ಪಾಳೆ, ಚಿಟಿಕೆ, ಹೀಗೆ ಕೆಳಗಿಂದ ಮೇಲಕ್ಕೆ ಹೋದ ಹಾಗೆ ದನಿಯೂ ಮಂದ್ರದಿಂದ ತಾರಕ್ಕೆ ಏರುತ್ತದೆ. ಪ್ರತಿ ಸದ್ದನ್ನೂ ಸರಿಯಾಗಿ ತೆಗೆಯುವುದನ್ನು ಇವರು ತಾಳ್ಮೆಯಿಂದ ಕಲಿಸುತ್ತಾರೆ. ಎರಡೂ ಅಂಗೈ ಚಪ್ಪಟೆಯಾಗಿ ಕೂಡಿದರೆ ಚಪ್ಪಾಳೆ ಚುರುಕಾಗಿ ಸಿಡಿಯುತ್ತದೆ. ಅಂಗೈ ಬೊಗಸೆ ಮಾಡಿ ಅಡ್ಡಡ್ಡ ಕೂಡಿಸಿದರೆ ಅದೇ ಚಪ್ಪಾಳೆ ಗುಂಯ್ ಎಂದು ಕೆಳಗಿಳಿಯುತ್ತದೆ. ಒಂದು ಕೈಯ ನಾಲ್ಕು ಬೆರಳಿಂದ ಇನ್ನೊಂದು ಅಂಗೈಗೆ ಹೊಡೆದರೆ ತೆಳ್ಳಗಿನ ಮೂರನೇ ದನಿ ಬರುತ್ತದೆ. ಹೀಗೆ ಚಪ್ಪಾಳೆಯೊಂದರಲ್ಲೇ ಮೂರು ವಾದ್ಯ ಸಿಗುತ್ತದೆ. ಮಕ್ಕಳು ಎರಡೂ ಕೈ ಅಗಲಿಸಿ ಜೋರಾಗಿ ಬಾರಿಸುತ್ತಾರೆ. ಅದರಿಂದ ಅಂಗೈ ಕೆಂಪಾಗುತ್ತದೆ, ಲಯವೂ ಹಿಂದೆ ಬೀಳುತ್ತದೆ, ಏಕೆಂದರೆ ದೂರ ಹೋದ ಕೈ ತಿರುಗಿ ಬರಲು ಹೊತ್ತು ಬೇಕು. ಎಡಗೈ ಹೊಟ್ಟೆಯ ಎತ್ತರಕ್ಕೆ ನಿಲ್ಲಿಸಿ ಬಲಗೈ ಮಾತ್ರ ಒಂದು ಗೇಣಿನಷ್ಟು ಆಡಿಸಿದರೆ ಎರಡೂ ತೊಂದರೆ ಒಟ್ಟಿಗೇ ಹೋಗುತ್ತವೆ. ಆದರೂ ಎಡೆಬಿಡದ ಚಪ್ಪಾಳೆ 10 ನಿಮಿಷ ದಾಟಬಾರದು. ಇದನ್ನು ತರಬೇತುದಾರರು ಒಮ್ಮೊಮ್ಮೆ ಮರೆಯುತ್ತಿದ್ದರು.

ಚಿಟಿಕೆಯೇ ಎಲ್ಲರಿಗೂ ಕಷ್ಟ. «ಅಕ್ಕೋರ, ನಂಗ ಚಿಟಿಗಿ ಬರವಲ್ದ್ರಿ» ಎಂದು ಐದನೇ ತರಗತಿಯ ಅರ್ಧ ಮಕ್ಕಳು ಮೊದಲ ದಿನವೇ ಕೈಚೆಲ್ಲುತ್ತಾರೆ. ಸದ್ದು ಹುಟ್ಟುವುದು ಹೆಬ್ಬೆರಳಿನಿಂದ ಅಂದುಕೊಂಡು ಹೆಬ್ಬೆರಳನ್ನೇ ಉಜ್ಜುತ್ತಾರೆ. ನಿಜಕ್ಕೂ ಸದ್ದು ಬರುವುದು ಹೆಬ್ಬೆರಳಿನಿಂದ ಜಾರಿದ ನಡುಬೆರಳು ಹೆಬ್ಬೆರಳಿನ ಬುಡದ ಉಬ್ಬಿಗೆ ಬಡಿದಾಗ. ಉಂಗುರದ ಬೆರಳನ್ನು ಮೊದಲೇ ಅಲ್ಲಿ ಮಡಿಚಿ ಇಟ್ಟುಕೊಂಡರೆ ಬಡಿಯಲು ಬಿಗಿಯಾದ ಜಾಗ ಸಿಕ್ಕು ದನಿ ಗಟ್ಟಿಯಾಗುತ್ತದೆ. ಬೆವರಿದ ಬೆರಳು ಜಾರಿಹೋಗುತ್ತದೆ, ಒಣಗಿದ ಬೆರಳು ಹಿಡಿತ ತಪ್ಪುತ್ತದೆ. ಬೇಸಗೆಯಲ್ಲಿ ಬೋರ್ಡಿನ ಸೀಮೆಸುಣ್ಣದ ಪುಡಿ ಒಂದಿಷ್ಟು ಸವರಿಕೊಂಡರೆ ಸಾಕು. ಅಷ್ಟಾದರೂ ಬಾರದ ಮಕ್ಕಳಿಗೆ ನಾಲಿಗೆಯನ್ನು ಅಂಗುಳಿಗೆ ಅಂಟಿಸಿ 'ಟಕ್' ಎನ್ನಿಸುವುದನ್ನು ಹೇಳಿಕೊಟ್ಟರು. ಬದಲಿ ಸದ್ದು ಕೊಟ್ಟು ಗುಂಪಿನಲ್ಲೇ ಉಳಿಸಿಕೊಂಡದ್ದು ಬಹಳ ಒಳ್ಳೆಯದಾಯಿತು.

ಎದೆಯ ವಿಷಯದಲ್ಲಿ ತಂಡ ಎಡವಿತು. ಕೊರಳ ಬುಡದ ಅಡ್ಡ ಮೂಳೆಯ ಕೆಳಗೆ ಅಂಗೈ ಚಪ್ಪಟೆ ಇಟ್ಟು ತಟ್ಟುವುದು ಸರಿಯಾದ ಕ್ರಮವೇ ಹೌದು. ಮುಷ್ಟಿಯಿಂದ ಎದೆಗೂಡಿನ ನಡುವೆ ಗುದ್ದಿಕೊಳ್ಳಬಾರದು ಎಂದೂ ಹೇಳಿದರು. ಆದರೆ 7, 8ನೇ ತರಗತಿಯ ಹೆಣ್ಣುಮಕ್ಕಳು ಎಲ್ಲರೆದುರು ಎದೆ ತಟ್ಟಿಕೊಳ್ಳಲು ಮುಜುಗರಪಡುತ್ತಾರೆ ಎಂಬುದನ್ನು ಅವರು ಮುಂಚೆಯೇ ಯೋಚಿಸಿರಲಿಲ್ಲ. ಹಿಂದಿನ ಸಾಲಿನ ನಾಲ್ಕೈದು ಮಕ್ಕಳು ಆ ಮಾತ್ರೆ ಬಂದಾಗಲೆಲ್ಲ ಕೈ ಕಟ್ಟಿ ನಿಂತರು. ಪರಿಹಾರ ಸುಲಭ: ಕೈಗಳನ್ನು ಅಡ್ಡಡ್ಡ ಹಾಯಿಸಿ ಎದುರು ತೋಳಿನ ಮೇಲ್ಭಾಗಕ್ಕೆ ತಟ್ಟುವುದು. ದನಿ ಸ್ವಲ್ಪ ಬಡಕಲಾಗುತ್ತದೆ, ಆದರೆ ಎಲ್ಲರೂ ತಟ್ಟುತ್ತಾರೆ. ಇದನ್ನು ಹುಡುಗಿಯರಿಗೆ ಮಾತ್ರ ಎಂದು ಬೇರ್ಪಡಿಸದೆ ಇಡೀ ತರಗತಿಗೆ ಮೊದಲ ದಿನದಿಂದಲೇ ಮಾಡಿಸಬೇಕು. ಕರೆಸಿಕೊಳ್ಳುವ ಶಾಲೆಗಳು ಇದನ್ನು ಮುಂಚೆಯೇ ಹೇಳಿಬಿಡುವುದು ಒಳ್ಳೆಯದು. ಚೂಡಿದಾರದ ದುಪಟ್ಟಾಕ್ಕೆ ಎರಡೂ ಭುಜದಲ್ಲಿ ಪಿನ್ ಹಾಕಿರಬೇಕು, ಇಲ್ಲದಿದ್ದರೆ ಅದನ್ನು ಸರಿಮಾಡಿಕೊಳ್ಳುವುದರಲ್ಲೇ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಕಳೆಯುತ್ತದೆ.

ಇನ್ನು ಚಾರ್ಟಿನ ಮಾತು. ಚೌಕಾಬಾರದ ಮನೆಗಳ ಹಾಗೆ ಅಡ್ಡಕ್ಕೆ ಎಂಟು ಮನೆ. ಪ್ರತಿ ಮನೆ ಒಂದು ಮಾತ್ರೆ. ಒಳಗೆ ಒಂದಕ್ಷರ: ಪಾದದ ತುಳಿತಕ್ಕೆ 'ತು', ತೊಡೆಗೆ 'ತೊ', ಎದೆಗೆ 'ಎ', ಚಪ್ಪಾಳೆಗೆ 'ಚ', ಚಿಟಿಕೆಗೆ 'ಚಿ'. ಸದ್ದಿಲ್ಲದ ಮನೆ ಖಾಲಿ. ಮೊದಲ ಪಾಠ ಇದು:

ತು ತೊ ಚ – ತು ತೊ ಚ –

ನೋಡಲು ಏನೂ ಅಲ್ಲ. ಆದರೆ 36 ಮಕ್ಕಳು ಒಟ್ಟಿಗೆ ಶುರು ಮಾಡಿದರೆ ಮೂರನೇ ಆವರ್ತಕ್ಕೆ ತಾಳ ಓಡತೊಡಗುತ್ತದೆ. ಕಾರಣ ಒಂದೇ. ನಾಲ್ಕನೇ ಮನೆಯಲ್ಲಿ ಮಾಡಲು ಏನೂ ಇಲ್ಲ, ಕೈಕಾಲು ಸುಮ್ಮನಿರಲಾರವು. ಚಪ್ಪಾಳೆ ಮುಗಿದ ಕೂಡಲೇ ಕಾಲು ತುಳಿದುಬಿಡುತ್ತದೆ. ಎಂಟು ಮನೆಯ ಆವರ್ತ ಆರಕ್ಕೆ ಕುಸಿಯುತ್ತದೆ. ಹೆಚ್ಚಿನ ಶಿಕ್ಷಕರು ಇಲ್ಲಿ «ನಿಧಾನ, ನಿಧಾನ» ಎಂದು ಕೂಗುತ್ತಾರೆ. ಕೂಗಿದ್ದಕ್ಕೆ ಮಕ್ಕಳು ಎಲ್ಲ ಮನೆಗಳನ್ನೂ ಎಳೆಯುತ್ತಾರೆ, ಖಾಲಿ ಮನೆ ಮಾತ್ರ ಹಾರಿಯೇ ಹೋಗಿರುತ್ತದೆ.

ಈ ತಂಡ ಮಾಡಿದ್ದು ಬೇರೆ. ಖಾಲಿ ಮನೆಗೂ ಒಂದು ಚಲನೆ ಕೊಟ್ಟರು: ಎರಡೂ ಅಂಗೈ ಮೇಲ್ಮುಖವಾಗಿ ತೆರೆದು, ನೀರು ಚೆಲ್ಲಿದ ಹಾಗೆ ಹೊರಕ್ಕೆ ಬೀಸುವುದು. ಸದ್ದಿಲ್ಲ, ಕೆಲಸ ಇದೆ. ನಮ್ಮ ತಾಳಪದ್ಧತಿಯಲ್ಲಿ ಸಶಬ್ದ ಕ್ರಿಯೆ, ನಿಶ್ಶಬ್ದ ಕ್ರಿಯೆ ಎಂದು ಎರಡು ಇಟ್ಟಿರುವುದು ಇದಕ್ಕೇ. ಆದಿತಾಳದ ದ್ರುತದಲ್ಲಿ (ಎರಡು ಎಣಿಕೆಯ ಭಾಗ) ಒಂದು ಪೆಟ್ಟಾದ ಮೇಲೆ ಕೈಯನ್ನು ಬೀಸಿ ತೋರಿಸುತ್ತೇವಲ್ಲ, ಆ ಬೀಸುವಿಕೆಗೆ ಪೆಟ್ಟಿನಷ್ಟೇ ತೂಕ. ಕಣ್ಣಿಗೆ ಕಾಣುವ ಮೌನವನ್ನು ಯಾರೂ ಹಾರಿಸಿ ಹೋಗಲಾರರು. ಮೊದಲು ದೊಡ್ಡದಾಗಿ ಬೀಸಿಸಿದರು, ನಾಲ್ಕನೇ ಪಿರಿಯಡ್‌ಗೆ ಮಣಿಕಟ್ಟಿನಷ್ಟಕ್ಕೆ ಇಳಿಸಿದರು, ಐದನೆಯದಕ್ಕೆ ಬರೀ ಉಸಿರು ಎಳೆದುಕೊಳ್ಳುವುದಕ್ಕೆ ತಂದರು. ಅಷ್ಟು ಹೊತ್ತಿಗೆ ಮೌನ ಮಕ್ಕಳ ಮೈಯಲ್ಲಿ ಕೂತಿತ್ತು. ನಿಮಿಷಕ್ಕೆ 80 ಮನೆಯ ವೇಗದಲ್ಲಿ ಶುರುವಾದದ್ದು ಒಂದೂ ಮನೆ ಬೀಳದೆ 120ಕ್ಕೆ ಹೋಯಿತು.

ಇಲ್ಲೊಂದು ಮಾತು ಸೇರಿಸಬೇಕು. ಚಾರ್ಟಿನಲ್ಲಿ ಬರೀ 'ಖಾಲಿ' ಎಂದು ಬರೆದಿರುವುದರಿಂದ ತಬಲಾ ಕಲಿಯುವ ಮಕ್ಕಳಿಗೆ ಗೊಂದಲ. ತಬಲಾದ ಖಾಲಿ ಮೌನವಲ್ಲ. ಅಲ್ಲಿ ಬೋಲ್ (ನುಡಿಸುವ ಅಕ್ಷರ) ಇದೆ, ಎಡಗೈಯ ಡಗ್ಗಾದ ತುಂಬು ದನಿ ಮಾತ್ರ ಇಲ್ಲ. ಎರಡಕ್ಕೂ ಕೈ ಬೀಸುವುದರಿಂದ ಒಂದೇ ಅನ್ನಿಸುತ್ತದೆ. 'ಖಾಲಿ ಮನೆ' ಎಂದು ಪೂರ್ತಿ ಬರೆದರೆ, ಒಮ್ಮೆ ವ್ಯತ್ಯಾಸ ಹೇಳಿದರೆ ಮುಗಿಯಿತು.

ಚಾರ್ಟಿನ ಜೊತೆಗೆ ವರಾಂಡದ ನೆಲದಲ್ಲೂ ಸುಣ್ಣದಿಂದ ಎಂಟು ಮನೆ ಬರೆಸಿದ್ದರು, ಒಂದೊಂದೂ ಒಂದೂವರೆ ಅಡಿ. ಒಬ್ಬರು ಮನೆಯಿಂದ ಮನೆಗೆ ನಡೆಯುತ್ತಾರೆ, ಉಳಿದವರು ಅವರ ಹೆಜ್ಜೆ ನೋಡಿ ನುಡಿಸುತ್ತಾರೆ. ನಡೆಯುವವರು ನಿಂತರೆ ತಾಳ ನಿಲ್ಲುತ್ತದೆ, ಹಿಂದಕ್ಕೆ ನಡೆದರೆ ತಾಳ ತಿರುಗುಮುರುಗಾಗುತ್ತದೆ. ಓದುವುದರಲ್ಲಿ ಹಿಂದಿರುವ ಮಕ್ಕಳಿಗೆ ಚಾರ್ಟಿಗಿಂತ ಇದೇ ಹೆಚ್ಚು ಕೈಹಿಡಿಯಿತು. ಕೈಪಿಡಿಯಲ್ಲಿ ಇದರ ಪ್ರಸ್ತಾಪವೇ ಇಲ್ಲದಿರುವುದು ಅಚ್ಚರಿ.

ಬಾಯಲ್ಲಿ ಹೇಳಿ ಮೈಯಲ್ಲಿ ನುಡಿಸುವ ಐದನೇ ಪಿರಿಯಡ್ ಕೂಡ ಗಟ್ಟಿಯಾಗಿತ್ತು. ತಕ ಎರಡು, ತಕಿಟ ಮೂರು, ತಕಧಿಮಿ ನಾಲ್ಕು, ತಕತಕಿಟ ಐದು. ಬಾಯಿಗೆ ಬಾರದ್ದು ಕೈಗೆ ಬರುವುದಿಲ್ಲ ಎಂಬ ನಿಯಮವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆದರೆ ಅದೇ ಪಿರಿಯಡ್‌ನಲ್ಲಿ ಮಿಶ್ರಚಾಪು ಕೂಡ ತುರುಕಿದ್ದು ಜಾಸ್ತಿಯಾಯಿತು. ಮೂರು ಮತ್ತು ನಾಲ್ಕು ಸೇರಿದ ಏಳು, ತಕಿಟ ತಕಧಿಮಿ, ಹೇಳಲು ಮಕ್ಕಳಿಗೆ ಹತ್ತು ನಿಮಿಷ ಸಾಕು. ಪಾದ ಸೇರಿಸಿ ನುಡಿಸಲು ಒಂದು ಪೂರ್ತಿ ಪಿರಿಯಡ್ ಬೇಕು, ಏಕೆಂದರೆ ನಡೆಯುವ ಕಾಲಿಗೆ ಎಡ-ಬಲ ಎಂಬ ಜೋಡಿಯ ಅಭ್ಯಾಸ. ಏಳರಲ್ಲಿ ಒಂದು ಆವರ್ತ ಬಲಗಾಲಿಗೆ ಶುರುವಾದರೆ ಮುಂದಿನದು ಎಡಗಾಲಿಗೆ ಬೀಳುತ್ತದೆ. ಈ ಕಾರಣ ಹೇಳದೆ ಮುಂದೆ ಹೋದದ್ದರಿಂದ ಅರ್ಧ ತರಗತಿ ಅಲ್ಲೇ ಕಳಚಿಕೊಂಡಿತು. ಮಿಶ್ರಚಾಪುವನ್ನು ಈ ಹತ್ತರಿಂದ ತೆಗೆದುಬಿಡುವುದೇ ಲೇಸು.

ಆರನೆಯದರಲ್ಲಿ ಕೆಹರ್ವಾ ತಾಳ. ಭಜನೆ, ತತ್ವಪದ ಕೇಳಿ ಬೆಳೆದ ಈ ಸೀಮೆಯ ಮಕ್ಕಳಿಗೆ ಅದು ಹೊಸದಲ್ಲ, ಹೆಸರು ಮಾತ್ರ ಹೊಸದು. ಧಾ ಗೆ ನಾ ತಿ, ನ ಕ ಧಿ ನ ಎಂಬ ಎಂಟು ಮಾತ್ರೆಯನ್ನು ಹೀಗೆ ಮೈಗಿಳಿಸಿದರು:

ಎ ತೊ ಚ ಚಿ ಚ ತೊ ಎ ಚ

ನಿಧಾನಕ್ಕೆ ಚೆನ್ನಾಗಿ ಕೂರುತ್ತದೆ. ವೇಗ ಏರಿಸಿದರೆ ಎರಡು ಕಡೆ ಮುರಿಯುತ್ತದೆ: ಚಪ್ಪಾಳೆಯಿಂದ ಚಿಟಿಕೆಗೆ, ಮತ್ತೆ ಚಿಟಿಕೆಯಿಂದ ಚಪ್ಪಾಳೆಗೆ. ಚಿಟಿಕೆ ಹೊಡೆದ ಬೆರಳು ಮುಷ್ಟಿಯಾಗಿ ಮುಚ್ಚಿರುತ್ತದೆ, ಅದನ್ನು ಬಿಡಿಸಿ ಅಂಗೈ ಚಪ್ಪಟೆ ಮಾಡಲು ಹೊತ್ತು ಬೇಕು. ಮೈತಾಳ ಕಟ್ಟುವಾಗ ಸದ್ದು ಮಾತ್ರ ನೋಡಿದರೆ ಸಾಲದು, ಒಂದು ಸದ್ದಿನಿಂದ ಇನ್ನೊಂದಕ್ಕೆ ಕೈ ಹೋಗುವ ದಾರಿಯನ್ನೂ ನೋಡಬೇಕು. ಬಲಗೈ ಮಾತ್ರ ಚಿಟಿಕೆ ಹೊಡೆದು, ಐದನೇ ಮಾತ್ರೆಯಲ್ಲಿ ಬಿಡುವಾಗಿರುವ ಎಡ ಅಂಗೈಯನ್ನು ಎಡತೊಡೆಗೆ ತಟ್ಟಿದರೆ ಅದೇ ಕೆಹರ್ವಾ ಸಲೀಸಾಗಿ ಓಡುತ್ತದೆ. ಈ ತಿದ್ದುಪಡಿಯನ್ನು ತಂಡ ಒಪ್ಪಿಕೊಂಡು ಅಲ್ಲೇ ಬದಲಿಸಿತು. ಅದು ಅವರ ದೊಡ್ಡ ಗುಣ.

ಏಳನೆಯದು ಪದರ ಸೇರಿಸುವ ಪಾಠ. ಮೂರು ಗುಂಪು, 12 ಮಕ್ಕಳಂತೆ.

ಮೊದಲ ಗುಂಪು: ತು – – – ತು – – –
ಎರಡನೇ ಗುಂಪು: ಚ – – ಚ – – ಚ –
ಮೂರನೇ ಗುಂಪು: – – ತೊ ತೊ – – ತೊ ತೊ

ಇಲ್ಲಿ ಹಾಳಾಗುವುದು ಯಾವಾಗಲೂ ಎರಡನೇ ಗುಂಪು. ಮೊದಲ ಎರಡು ಚಪ್ಪಾಳೆಯ ಬಳಿಕ ಎರಡೆರಡು ಖಾಲಿ ಮನೆ, ಮೂರನೆಯದರ ಬಳಿಕ ಒಂದೇ. ಮಕ್ಕಳ ಕೈ ಸಮ ಅಂತರ ಕಂಡರೆ ಅದನ್ನೇ ಮುಂದುವರಿಸುತ್ತದೆ. ಅಲ್ಲಿ ಎರಡು ಬಿಟ್ಟರೆ ಎಂಟು ಒಂಬತ್ತಾಗಿ ಮುಂದಿನ ಆವರ್ತದಲ್ಲಿ ತುಳಿತಕ್ಕಿಂತ ಒಂದು ಮನೆ ಹಿಂದೆ ಬೀಳುತ್ತಾರೆ. ಅದರ ಮುಂದಿನದರಲ್ಲಿ ಎರಡು. ಮೆಟ್ರೊನೋಮ್ ಎಷ್ಟು ಜೋರು ಮಾಡಿದರೂ ಇದು ಸರಿಹೋಗುವುದಿಲ್ಲ. 'ತಕಿಟ ತಕಿಟ ತಕ' ಎಂದು ಬಾಯಲ್ಲಿ ಹೇಳುತ್ತ ಬಾರಿಸಿದರೆ ಎರಡನೇ ಆವರ್ತಕ್ಕೇ ಸರಿಹೋಗುತ್ತದೆ. ಇನ್ನೊಂದು ಕಿವಿಮಾತು: ಮೂರೂ ಗುಂಪು ಒಮ್ಮೆಲೇ ಶುರು ಮಾಡಬಾರದು. ತುಳಿತ ನಾಲ್ಕು ಆವರ್ತ ಒಂಟಿಯಾಗಿ ನಡೆಯಲಿ, ಆಮೇಲೆ ತೊಡೆ ಸೇರಲಿ, ಚಪ್ಪಾಳೆ ಕೊನೆಗೆ ಬರಲಿ. ಚಪ್ಪಾಳೆಯ ಸದ್ದೇ ದೊಡ್ಡದು, ಮೊದಲೇ ಬಂದರೆ ಉಳಿದವರಿಗೆ ತಮ್ಮ ಸದ್ದು ತಮಗೇ ಕೇಳುವುದಿಲ್ಲ. 12-12-12 ಎಂದು ಸಮನಾಗಿ ಹಂಚಿದ್ದೂ ತಪ್ಪೇ. 16 ಮಕ್ಕಳು ತುಳಿಯಲಿ, 13 ತೊಡೆ ತಟ್ಟಲಿ, ಚಪ್ಪಾಳೆಗೆ 7 ಜನ ಧಾರಾಳ.

ಜಾಗದ ಬಗ್ಗೆ ತಂಡ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ, ಆದರೆ ನಮ್ಮ ಕಡೆ ಶಾಲೆಗಳಲ್ಲಿ ಅದೇ ಅರ್ಧ ಕೆಲಸ. ಕೋಣೆಗಳಿಗೆ ಆರ್‌ಸಿಸಿ ಚಾವಣಿ, ಗಿಲಾವು ಮಾಡಿದ ಗೋಡೆ, ನೆಲಕ್ಕೆ ಕಲ್ಲುಚಪ್ಪಡಿ. ಒಂದು ಚಪ್ಪಾಳೆ ಹೊಡೆದರೆ ಮೂರು ಕೇಳಿಸುತ್ತದೆ. 36 ಜನ ಹೊಡೆದರೆ ಮಳೆ ಸುರಿದ ಹಾಗೆ, ಮಾತ್ರೆ ಯಾವುದು ಎಂದೇ ತಿಳಿಯುವುದಿಲ್ಲ. ಕಿಟಕಿ ಬಾಗಿಲು ಪೂರ್ತಿ ತೆರೆದು, ಹಿಂದಿನ ಗೋಡೆಗೆ ಎರಡು ಮೂರು ದಪ್ಪ ಕೌದಿ ತೂಗುಹಾಕಿದರೆ ಸದ್ದು ಕಣ್ಣೆದುರೇ ತಿಳಿಯಾಗುತ್ತದೆ. ಕೌದಿ ಇಲ್ಲದ ಮನೆ ಈ ಸೀಮೆಯಲ್ಲಿ ಕಡಿಮೆ, ಮಕ್ಕಳೇ ತರುತ್ತಾರೆ. ಗೋಡೆಗೆ ಅಂಟಿಸಿ ಕಟ್ಟುವುದಕ್ಕಿಂತ ನಾಲ್ಕು ಬೆರಳು ಮುಂದೆ ಜೋಲುಬಿಟ್ಟರೆ ಇನ್ನೂ ಒಳ್ಳೆಯದು.

ಹೊರಗೆ ಪ್ರಾರ್ಥನಾ ಮೈದಾನದಲ್ಲಿ ತೊಂದರೆ ಬೇರೆ ಥರದ್ದು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮಕ್ಕಳನ್ನು ಉದ್ದ ಸಾಲಿನಲ್ಲಿ ನಿಲ್ಲಿಸಿ ಈ ತುದಿಗೂ ಆ ತುದಿಗೂ 34 ಮೀಟರ್ ಅಂತರವಾದರೆ ಸದ್ದು ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ನಿಮಿಷಕ್ಕೆ 160 ಮನೆಯ ವೇಗದಲ್ಲಿ ಅದು ಒಂದು ಮನೆಯ ಕಾಲು ಭಾಗಕ್ಕಿಂತ ಹೆಚ್ಚು. ಆ ತುದಿಯ ಮಕ್ಕಳು ಕಿವಿ ನಂಬಿದರೆ ಹಿಂದೆ ಬೀಳುತ್ತಾರೆ, ಕಣ್ಣು ನಂಬಿದರೆ ಕಿವಿಗೆ ಬೇರೆಯೇ ಕೇಳಿ ಗಲಿಬಿಲಿಯಾಗುತ್ತದೆ. ಅದು ಮಕ್ಕಳ ತಪ್ಪಲ್ಲ. ಅರ್ಧಚಂದ್ರಾಕಾರದಲ್ಲಿ ಮೂರು ಸಾಲು ನಿಲ್ಲಿಸಿ, ತುದಿಯಿಂದ ತುದಿಗೆ 8 ಮೀಟರ್ ಮೀರದಂತೆ ನೋಡಿಕೊಂಡರೆ ಸಾಕು. ಈ ಶಾಲೆಯಲ್ಲಿ ಮೊದಲ ತಾಲೀಮಿನಲ್ಲಿ ಉದ್ದ ಸಾಲೇ ಇತ್ತು, 20 ನಿಮಿಷ ಬೈಗುಳದಲ್ಲೇ ಹೋಯಿತು.

ನೆಲವೂ ವಾದ್ಯವೇ. ಬರಿಗಾಲಲ್ಲಿ ಕಲ್ಲುಚಪ್ಪಡಿ ತುಳಿದರೆ 'ಚಟ್' ಎನ್ನುತ್ತದೆಯೇ ಹೊರತು 'ಧಂ' ಎನ್ನುವುದಿಲ್ಲ. ಸದ್ದು ಬರಲಿಲ್ಲ ಎಂದು ಮಕ್ಕಳು ಹಿಮ್ಮಡಿಯಿಂದ ಕುಟ್ಟುತ್ತಾರೆ, ಎರಡು ದಿನದಲ್ಲಿ ಹಿಮ್ಮಡಿ, ಮೀನಖಂಡ ನೋವು. ಮಂಡಿ ತುಸು ಬಾಗಿಸಿ ಪೂರ್ತಿ ಪಾದ ಒಟ್ಟಿಗೆ ಇಡಬೇಕು. ಮಂದ್ರ ದನಿ ಬೇಕೇ ಬೇಕೆಂದರೆ 12 ಎಂಎಂ ಪ್ಲೈವುಡ್ಡಿನ 4 ಅಡಿ, 3 ಅಡಿ ಹಾಳೆಗೆ ಕೆಳಗೆ ಒಂದಿಂಚಿನ ಮರದ ಪಟ್ಟಿ ಸುತ್ತಲೂ ಹೊಡೆಸಿ ಇಡಿ. ಒಳಗೆ ಉಳಿದ ಗಾಳಿಯೇ ಡೊಳ್ಳಿನ ಹೊಟ್ಟೆ. ಪಟ್ಟಿಯಿಲ್ಲದೆ ಹಾಳೆಯನ್ನೇ ಕಲ್ಲಿನ ಮೇಲೆ ಹಾಕಿದರೆ ಬರೀ ಖಟಖಟ. ಇಬ್ಬರು ಮಕ್ಕಳಿಗೆ ಒಂದು ಹಾಳೆ. ಇನ್ನು ಮೈದಾನದ ಕಲ್ಲು, ಸಿಮೆಂಟು ಫೆಬ್ರವರಿ ಕಳೆದ ಮೇಲೆ ಹತ್ತು ಗಂಟೆಗೇ ಕಾದಿರುತ್ತದೆ. ಆಗ ಬರಿಗಾಲು ಬೇಡವೇ ಬೇಡ.

ಸ್ಪೀಕರ್ ಬ್ಲೂಟೂತ್‌ನದು. ಫೋನಿನಲ್ಲಿ ಮೆಟ್ರೊನೋಮ್ ಮಿಣುಕುವುದು ಒಂದು ಹೊತ್ತಿಗೆ, ಸದ್ದು ಬರುವುದು ಸ್ವಲ್ಪ ತಡವಾಗಿ. ಫೋನ್ ನೋಡಿ ಕೈ ಬೀಸುವ ಶಿಕ್ಷಕರೂ ಸ್ಪೀಕರ್ ಕೇಳಿ ನುಡಿಸುವ ಮಕ್ಕಳೂ ಎಂದೂ ಕೂಡುವುದಿಲ್ಲ. ವೈರ್ ಹಾಕಿದರೆ ಸರಿ. ಅದಕ್ಕಿಂತ ಭಜನೆಯ ತಾಳವೋ ದಮ್ಮಡಿಯೋ ಹಿಡಿದ ಒಬ್ಬ ಗಟ್ಟಿ ಹುಡುಗಿ ಸಾಕು. ಕರೆಂಟೂ ಬೇಡ.

ಈಗ ನಿಜವಾದ ದೂರು. ಎಂಟನೇ ಪಿರಿಯಡ್ 'ನಿಮ್ಮದೇ ತಾಳ ಕಟ್ಟಿ'. 40 ನಿಮಿಷದಲ್ಲಿ ಹಾಜರಿ, ಗುಂಪು ಮಾಡುವುದು, ಜಗಳ ಬಿಡಿಸುವುದು ಕಳೆದು ಉಳಿದದ್ದು 25 ನಿಮಿಷ. ಆರಾರು ಮಕ್ಕಳ ಆರು ಗುಂಪು. ಯಾವ ಗುಂಪೂ ಮುಗಿಸಲಿಲ್ಲ. ಒಂಬತ್ತನೇ ದಿನ ತರಬೇತುದಾರರು ತಾವೇ ಬರೆದು ತಂದ ತಾಳವನ್ನು ಹಂಚಿದರು, ಏಕೆಂದರೆ ಹತ್ತನೇ ದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಯವರು, ಪಾಲಕರು ಬರುವವರಿದ್ದರು. ಕಾರ್ಯಕ್ರಮ ಚೆಂದವೇ ಆಯಿತು. ಆದರೆ ಒಂದು ಗುಂಪು ಅರ್ಧ ಕಟ್ಟಿದ್ದ ತಾಳದಲ್ಲಿ ಎರಡು ಚಪ್ಪಾಳೆಯ ನಡುವೆ ಅಂಗೈ ಉಜ್ಜಿ 'ಸ್ಸ್' ಎನ್ನಿಸುವ ಒಂದು ಮನೆ ಇತ್ತು. ಆರೂ ಚಾರ್ಟಿನಲ್ಲಿ ಹುಡುಕಿದರೂ ಅಂಥ ಸದ್ದು ಸಿಗದು ಎನ್ನುವಷ್ಟು ಚೊಕ್ಕವಾಗಿತ್ತು. ಅದು ಯಾರ ಕಿವಿಗೂ ಬೀಳದೆ ಹೋಯಿತು. ಅದಕ್ಕಾಗಿ ಈಗಲೂ ಹೊಟ್ಟೆ ಉರಿಯುತ್ತದೆ.

ಕಟ್ಟುವುದಕ್ಕೆ ಮೂರು ಪಿರಿಯಡ್ ಬೇಕು. ಮೊದಲನೆಯದರಲ್ಲಿ ಪ್ರತಿ ಗುಂಪಿಗೆ ಎಂಟು ಮನೆ ಬರೆದ ಕಾಗದ, ಎರಡೇ ನಿಯಮ: ಮೂರು ಸದ್ದಿಗಿಂತ ಹೆಚ್ಚು ಬಳಸಬಾರದು, ಕನಿಷ್ಠ ಎರಡು ಮನೆ ಖಾಲಿ ಇರಬೇಕು. ಈ ನಿಯಮ ಇಲ್ಲದಿದ್ದರೆ ಮಕ್ಕಳು ಎಂಟೂ ಮನೆ ತುಂಬುತ್ತಾರೆ, ತುಂಬಿದ ತಾಳಕ್ಕೆ ಉಸಿರಿರುವುದಿಲ್ಲ. ಎರಡನೆಯದರಲ್ಲಿ ಕಾಗದ ಅದಲುಬದಲು: ಬೇರೆ ಗುಂಪು ಬರೆದದ್ದನ್ನು ಓದಿ ನುಡಿಸಬೇಕು. ಓದಲು ಬಾರದೆ ಹೋದರೆ ಬರೆದವರು ತಿದ್ದಬೇಕು. ಇಲ್ಲಿಯೇ ಕೈ ಹೋಗದ ದಾರಿಗಳೆಲ್ಲ ಬಯಲಾಗುತ್ತವೆ. ಮೂರನೆಯದರಲ್ಲಿ ಜೋಡಣೆ. ಎಲ್ಲರೂ ಸೇರಿ ನುಡಿಸುವ ಒಂದು ಪಲ್ಲವಿ, ನಡುನಡುವೆ ಒಂದೊಂದು ಗುಂಪಿನ ಚರಣ, ಪ್ರತಿ ಚರಣದ ಹಿಂದೆ ಮತ್ತೆ ಪಲ್ಲವಿ. ದಾಸರ ಪದ ಹಾಡಿದ ಮಕ್ಕಳಿಗೆ ಈ ಕಟ್ಟು ವಿವರಿಸಬೇಕಾಗಿಯೇ ಇಲ್ಲ. ಆರು ಚರಣ, ತಲಾ ನಾಲ್ಕು ಆವರ್ತ, ನಡುವೆ ಎರಡೆರಡು ಆವರ್ತದ ಪಲ್ಲವಿ: ಎರಡು ನಿಮಿಷದ ಕಛೇರಿ ಸಿದ್ಧ.

ಮುಗಿಸುವುದಕ್ಕೆ ತಂಡ ತಿಹಾಯಿ, ಅಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸಿ ನಿಲ್ಲಿಸುವ ಮುಕ್ತಾಯ, ಕೊಟ್ಟದ್ದು ಸೊಗಸು. ಐದು ಪೆಟ್ಟು, ಒಂದು ಖಾಲಿ, ಐದು ಪೆಟ್ಟು, ಒಂದು ಖಾಲಿ, ಐದು ಪೆಟ್ಟು. ಒಟ್ಟು 17. ಸಮದಿಂದ (ಆವರ್ತದ ಮೊದಲ ಮನೆ) ಶುರುಮಾಡಿದರೆ ಎರಡು ಆವರ್ತ, ಅಂದರೆ 16 ಮನೆ ಕಳೆದು, 17ನೇ ಮನೆಯ ಪೆಟ್ಟು ಸರಿಯಾಗಿ ಮುಂದಿನ ಸಮಕ್ಕೇ ಬೀಳುತ್ತದೆ. ಲೆಕ್ಕ ಪಕ್ಕಾ. ಆದರೆ ಅವರ ಐದು ಪೆಟ್ಟು 'ತು ತೊ ಎ ಚ ಚಿ' ಎಂದು ಮೇಲಕ್ಕೇರುತ್ತದೆ, ಹಾಗಾಗಿ ಸಮದ ಮೇಲೆ ಬೀಳುವುದು ಚಿಟಿಕೆ, ಎಲ್ಲಕ್ಕಿಂತ ಸಣ್ಣ ಸದ್ದು. ಮುಗಿಯಿತೋ ಇಲ್ಲವೋ ಎಂದು ಸಭೆ ಕಾಯುತ್ತ ಕೂರುತ್ತದೆ. ತಿರುಗಿಸಿ ನುಡಿಸಿದರೆ ಆಯಿತು:

ಚಿ ಚ ಎ ತೊ ತು – ಚಿ ಚ ಎ ತೊ ತು – ಚಿ ಚ ಎ ತೊ ತು

36 ಪಾದ ಒಟ್ಟಿಗೆ ಸಮಕ್ಕೆ ಬಿದ್ದರೆ ಕೊನೆಯ ಸಾಲಿನ ಅಜ್ಜಿಗೂ ಮುಗಿಯಿತೆಂದು ತಿಳಿಯುತ್ತದೆ. ನಡುವಿನ ಎರಡು ಖಾಲಿ ಮನೆಗೆ ಕೈ ಬೀಸುವುದನ್ನು ಇಲ್ಲಂತೂ ಬಿಡಲೇಬಾರದು. ಖುಷಿಗೆ ಎಲ್ಲರೂ ಓಡುವ ಜಾಗ ಅದು.

ಕೈಪಿಡಿಯ ನಾಲ್ಕು ಪುಟ ಚರಿತ್ರೆಗೆ. ಜರ್ಮನಿಯ ಸಂಗೀತಗಾರ ಕಾರ್ಲ್ ಆರ್ಫ್, ಮ್ಯೂನಿಕ್‌ನಲ್ಲಿ 1924ರಲ್ಲಿ ಶುರುವಾದ ಗುಂಟರ್ ಶಾಲೆ, ಮಕ್ಕಳಿಗೆ ವಾದ್ಯಕ್ಕೂ ಮೊದಲು ಮೈಯ ಸದ್ದು ಕಲಿಸುವ ಅವರ ಪದ್ಧತಿ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರ ಗಂಬೂಟ್ (ರಬ್ಬರ್ ಬೂಟು) ಕುಣಿತ. ಇಂಡೊನೇಷ್ಯಾದ 'ಆಚೆ' ಎಂಬ ಹೆಸರಿನ ಪ್ರಾಂತ್ಯದವರು ಸಾಲಾಗಿ ಕೂತು ಎದೆ, ತೊಡೆ ತಟ್ಟಿ ಮಾಡುವ ಸಮನ್, ಯುನೆಸ್ಕೊ ಪಟ್ಟಿಗೆ 2011ರಲ್ಲಿ ಸೇರಿದ್ದು. ಎಲ್ಲ ಸರಿಯಾಗಿದೆ. ಗಂಬೂಟಿನ ಕತೆ ಬಳ್ಳಾರಿ, ಸಂಡೂರು ಸೀಮೆಯ ಮಕ್ಕಳಿಗೆ ಎದೆಗೆ ನಾಟುತ್ತದೆ, ಗಣಿ ಎಂದರೇನು ಎಂದು ಅವರಿಗೆ ಹೇಳಬೇಕಿಲ್ಲ. ಆದರೆ ಇಲ್ಲಿಯದು ಒಂದು ಸಾಲೂ ಇಲ್ಲ. ಗರಡಿಯಲ್ಲಿ ಪೈಲ್ವಾನ ತೊಡೆ ತಟ್ಟಿ ಸವಾಲು ಹಾಕುವ ಸದ್ದು, ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಬೀಳುವ ಹೆಜ್ಜೆ, ಕರಡಿ ಮಜಲಿನ ಪೆಟ್ಟು, ಹುಡುಗಿಯರು ಎದುರುಬದುರು ಕೂತು ಆಡುವ ಚಪ್ಪಾಳೆ ಆಟ, ಹತ್ತಿರದ ಹಂಪಿಯಲ್ಲಿ ಪುರಂದರದಾಸರ ಹೆಸರಿನ ಮಂಟಪ. ಇವುಗಳಲ್ಲಿ ಯಾವುದನ್ನು ಹಿಡಿದು ಶುರು ಮಾಡಿದರೂ ಮೊದಲ ದಿನದ ನಾಚಿಕೆ ಅರ್ಧ ಕಡಿಮೆಯಾಗುತ್ತಿತ್ತು. ಅಲಾಯಿ ಹೆಜ್ಜೆ ಹಾಕುವ ಹುಡುಗನಿಗೆ ತುಳಿತ ಯಾರೂ ಕಲಿಸಬೇಕಾಗಿಲ್ಲ, ಅವನೇ ತರಗತಿಗೆ ಕಲಿಸುತ್ತಾನೆ.

ಕಿವಿ ಮಂದವಿದ್ದ ಒಂದು ಮಗುವನ್ನು ಪ್ಲೈವುಡ್ ಹಾಳೆಯ ಮೇಲೆ ತುಳಿಯುವವರ ಪಕ್ಕ ನಿಲ್ಲಿಸಿದ್ದು ತರಬೇತುದಾರರ ಒಳ್ಳೆಯ ಬುದ್ಧಿ. ಪಾದದಿಂದ ಲಯ ಹತ್ತಿತು, ಖಾಲಿ ಮನೆಯ ಕೈ ಬೀಸು ಕಣ್ಣಿಗೆ ಸಿಕ್ಕಿತು. ನಿಲ್ಲಲಾಗದ ಮಕ್ಕಳಿಗೆ ತುಳಿತದ ಬದಲು ಡೆಸ್ಕಿನ ಮೇಲೆ ಮುಷ್ಟಿಯ ಪೆಟ್ಟು ಕೊಡಬಹುದು, ದನಿ ಅದಕ್ಕೂ ಕೆಳಗಿನದೇ.

ಪಕ್ಕದ ಕೋಣೆಗೆ ತೊಂದರೆಯಾಗುತ್ತದೆ, ಅದನ್ನು ಮುಚ್ಚಿಡುವಂತಿಲ್ಲ. ಕೊನೆಯ ಪಿರಿಯಡ್ ಕೇಳಿಕೊಳ್ಳಿ. ಅದು ಸಿಗದಿದ್ದರೆ ಅರ್ಧ ಹೊತ್ತು ಬೆರಳ ತುದಿಯಲ್ಲೇ ತಾಲೀಮು ಮಾಡಿಸಿ. ಮೆಲ್ಲಗೆ ನುಡಿಸಿದಾಗ ತಪ್ಪು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಕರೆಸುವ ಶಾಲೆಗಳು ಮೊದಲೇ ಮಾತಾಡಿಕೊಳ್ಳಬೇಕಾದದ್ದು ಇಷ್ಟು. 10ರ ಬದಲು 12 ಪಿರಿಯಡ್ ಕೇಳಿ. ಆಗದೆಂದರೆ ಮಿಶ್ರಚಾಪು ಬಿಡಿಸಿ, ಕಾರ್ಯಕ್ರಮವನ್ನು ಎರಡು ವಾರ ಮುಂದಕ್ಕೆ ಹಾಕಿಸಿ. ಕಟ್ಟುವ ಪಿರಿಯಡ್‌ಗಳನ್ನು ಅವರು ಹೋದ ಮೇಲೆ ನಿಮ್ಮ ಶಿಕ್ಷಕರೇ ನಡೆಸಬಹುದು, ಚಾರ್ಟು ಹೇಗೂ ಶಾಲೆಯಲ್ಲೇ ಇರುತ್ತದೆ. ಒಂದು ಸಲಕ್ಕೆ 36 ಮಕ್ಕಳೇ ಮಿತಿ, 50 ಮಾಡಿದರೆ ಚಪ್ಪಾಳೆಯ ಎರಡನೇ ಗುಂಪು ಕೈತಪ್ಪುತ್ತದೆ. ದಸರಾ ರಜೆ ಮುಗಿದ ಮೇಲಿನಿಂದ ಜನವರಿವರೆಗೆ ಒಳ್ಳೆಯ ಹೊತ್ತು. ಮಾರ್ಚಿನಲ್ಲಿ ಪರೀಕ್ಷೆ, ಅದರ ಹಿಂದೆಯೇ ಬಿಸಿಲು. ಪ್ಲೈವುಡ್ ಹಾಳೆ ತಂಡದವರು ತರುವುದಿಲ್ಲ, ಒಂದು ವಾರ ಮುಂಚೆಯೇ ಬಡಗಿಗೆ ಹೇಳಿ ಮಾಡಿಸಿ ಇಡಿ. ಪಟ್ಟಿಗೆ ಮೊಳೆಯ ಬದಲು ಸ್ಕ್ರೂ ಹಾಕಿಸಿ, ಮಕ್ಕಳು ತುಳಿದಂತೆ ಮೊಳೆ ಮೇಲೆದ್ದು ಪಾದಕ್ಕೆ ಚುಚ್ಚುತ್ತದೆ.